ಹುಳದ ಮನೆಯ ಹೊಸ್ತಿಲು

ಜಂಗಮಕೋಟೆಯ ಕಡೆ ಬೆಳೆದವರು ಆಗಿನ ಆ ಸದ್ದನ್ನು ಮರೆತಿರಲಿಕ್ಕಿಲ್ಲ. ಕಡೇ ಸಲ ಪೊರೆ ಬಿಟ್ಟೆದ್ದ ರೇಷ್ಮೆಹುಳ ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದರೆ ಹೊರಗೆ ಸಣ್ಣ ಮಳೆ ಹಿಡಿದಂತೆ ಕೇಳಿಸುತ್ತಿತ್ತು. ಘಾಟು, ಗಲಾಟೆ ಹುಳಕ್ಕೆ ಆಗದೆಂದು ಅವು ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆಯಿಲ್ಲ, ಜೋರು ಮಾತಿಲ್ಲ. ಸಪ್ಪೆ ಸಾರು ಉಂಡು ಉಂಡು ನನ್ನ ನಾಲಿಗೆ ಸತ್ತೇ ಹೋಗುತ್ತಿತ್ತು.

ಆ ವರ್ಷ ಅಮ್ಮ ಮಾತು ಬಿಟ್ಟಿದ್ದಳು. ಹೆರಿಗೆಗೆ ಹೋಗಿದ್ದಳು, ಕೂಸು ಉಳಿಯಲಿಲ್ಲ. ಬಂದ ಮೇಲೆ ನೀರು ತರುತ್ತಿದ್ದಳು, ನನಗೆ ಜಡೆ ಹೆಣೆಯುತ್ತಿದ್ದಳು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಸೊಪ್ಪು ಬಿಡಿಸುತ್ತ ತೆಲುಗು ಹಾಡು ಹೇಳುತ್ತಿದ್ದವಳು ಇವಳೇನಾ ಅನ್ನಿಸುತ್ತಿತ್ತು.

ಹುಳ ಸಾಕುವ ಕೋಣೆಯೊಳಗೆ ಅಜ್ಜಿ ಅವಳನ್ನು ಬಿಡಲಿಲ್ಲ.

“ಮನಸು ಕೆಟ್ಟೋರು ಮುಟ್ಟಿದ್ರೆ ಹುಳ ಕೆಡ್ತವೆ ಕಣಮ್ಮ. ಮೂಗಜೀವ, ಅವಕ್ಕೆಲ್ಲ ಗೊತ್ತಾಗ್ತೈತೆ.”

ಅಮ್ಮ ಸೊಪ್ಪಿನ ಮಂಕರಿಯನ್ನು ಹೊಸ್ತಿಲ ಹೊರಗಿಟ್ಟು ಹಿಂದೆ ಸರಿಯುತ್ತಿದ್ದಳು.

ಅಜ್ಜಿ ಹೇಳಿದ್ದನ್ನು ನಾನೂ ನಂಬಿದ್ದೆ. ಅಪ್ಪನ ತಂಗಿ, ನನ್ನ ಸೋದರತ್ತೆ, ಮಧ್ಯಾಹ್ನ ಜಗಲಿಯಲ್ಲಿ ಕೂತು ಲೈಬ್ರರಿ ಕಾದಂಬರಿಗಳನ್ನು ಓದಿ ಹೇಳುತ್ತಿದ್ದಳು. ಅವುಗಳಲ್ಲೂ ಹಾಗೇ. ಹೆಂಗಸು ಅತ್ತರೆ ಮೋಡ ಕವಿಯುತ್ತಿತ್ತು, ಅವಳು ಗೆಲುವಾದರೆ ಒಣಗಿದ ಮರ ಚಿಗುರುತ್ತಿತ್ತು. ಬರೆಯುವವರಿಗೇನು, ಒಂದೇ ಸಾಲಿನಲ್ಲಿ ಮಳೆ ತರಿಸಿಬಿಡುತ್ತಾರೆ!

“ಅತ್ತೆ, ನಮ್ಮ ಹೊಂಗೆಮರ ಚಿಗುರಿದ್ರೆ ಅಮ್ಮ ಮಾತಾಡ್ತಾಳಾ?”

“ಮಾತಾಡ್ತಾಳೆ ಕಣೇ ಚಿನ್ನಾ, ನೋಡ್ತಿರು,” ಎಂದು ಅತ್ತೆ ಕಣ್ಣೊರೆಸಿಕೊಂಡು ಪುಟ ತಿರುಗಿಸಿದಳು.

ಹೊಂಗೆ ಚಿಗುರಿತು. ಹೂ ಬಿಟ್ಟು ಅಂಗಳದ ತುಂಬ ಉದುರಿತು. ನಾನು ದಿನಾ ಬೆಳಿಗ್ಗೆ ಎದ್ದು ಅಮ್ಮನ ಬಾಯಿ ನೋಡುತ್ತಿದ್ದೆ.

ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳಕ್ಕೆ ರೋಗ ಬಿತ್ತು. ತಟ್ಟೆಗಳಲ್ಲಿದ್ದ ಹುಳವೆಲ್ಲ ಊದಿಕೊಂಡು, ಒಡೆದು, ಬಿಳೀ ರಸ ಸುರಿಸಿ ನಾರತೊಡಗಿದವು. ಊರಲ್ಲಿ ಎಷ್ಟೋ ಮನೆಗಳಲ್ಲಿ ಅದೇ ಗತಿ. ಆದರೂ ಅಜ್ಜಿ ಅಂಗಳಕ್ಕೆ ಬಂದು ಎದೆ ಬಡಿದುಕೊಂಡಳು.

“ಅಯ್ಯಯ್ಯೋ, ಎಲ್ಲಾ ಹಾಳಾಗೋಯ್ತಲ್ಲಪ್ಪೋ! ಯಾರೇ ಮುಟ್ಟಿದ್ದು?”

ಎಲ್ಲರೂ ಅಮ್ಮನ ಕಡೆ ತಿರುಗಿದರು. ಅಪ್ಪನೂ ತಿರುಗಿದ.

ಅಮ್ಮನ ತುಟಿ ಅಲುಗಿತು. ಅಜ್ಜಿಯ ಕಾಲಿನತ್ತ ನೋಡುತ್ತ, “ನಾನು ಮುಟ್ಟಿಲ್ಲ ಅತ್ತೆಮ್ಮ,” ಎಂದಳು.

ಅಷ್ಟು ತಿಂಗಳ ಮೇಲೆ ಅವಳ ದನಿ ಕೇಳಿದ್ದು ಅವತ್ತೇ. ನಾನು ಕಾದಿದ್ದ ಮಾತು ಅದಲ್ಲ. ಮೋಡ ಕವಿಯಲಿಲ್ಲ, ಗಾಳಿ ಬೀಸಲಿಲ್ಲ. ಉರಿಬಿಸಿಲಲ್ಲಿ ಹೊಂಗೆ ತನ್ನ ಪಾಡಿಗೆ ತಾನು ಹೂ ಉದುರಿಸುತ್ತಿತ್ತು. ಆ ಮರದ ಮೇಲೆ ನನಗೆ ಎಂಥಾ ಸಿಟ್ಟು ಬಂತೆಂದರೆ, ಕೈಗೆ ಸಿಕ್ಕಿದ ಕಲ್ಲು ತೆಗೆದು ಬೀಸಿದೆ.

ಈಗ ಅಜ್ಜಿಯಿಲ್ಲ, ಹುಳವಿಲ್ಲ, ಆ ಹೊಂಗೆಯೂ ಇಲ್ಲ. ಇವತ್ತಿಗೂ ಕಾದಂಬರಿಯಲ್ಲಿ ಹೆಂಗಸು ಅತ್ತು ಮಳೆ ಬಂದರೆ ನಾನು ಪುಸ್ತಕ ಮುಚ್ಚಿಡುತ್ತೇನೆ. ಅಮ್ಮ ಇದ್ದಾಳೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಫೋನಿನಲ್ಲಿ “ಊಟ ಆಯ್ತೇನೇ?” ಎನ್ನುತ್ತಾಳೆ. ಹೋದ ವಾರ ಊರಿಗೆ ಹೋಗಿದ್ದಾಗ, ಸೊಪ್ಪು ಬಿಡಿಸುವಾಗ ಹೇಳುತ್ತಿದ್ದ ಆ ಹಾಡು ಒಂದ್ಸಲ ಹೇಳಮ್ಮ ಎಂದೆ.

ಅಮ್ಮ ನನ್ನ ಮುಖವನ್ನೇ ನೋಡಿದಳು. “ನಾನಾ? ನಾನೆಲ್ಲಿ ಹಾಡ್ತಿದ್ನೇ?”