ಮೆಂಟರ್ ಪುಸ್ತಕದ ನಾಲ್ಕು ಸಾಲು

ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಪ್ರತಿ ಅಧ್ಯಾಪಕರಿಗೂ ಇಷ್ಟು ವಿದ್ಯಾರ್ಥಿಗಳೆಂದು ಹಂಚಿಕೊಡುತ್ತಾರೆ. ಅವರ ಕಷ್ಟಸುಖ ವಿಚಾರಿಸಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅದೇ ಮೆಂಟರ್ ಪುಸ್ತಕ. ಹೆಚ್ಚಿನವರು ‘ಹಾಜರಾತಿ ಕಡಿಮೆ, ತಿಳಿಹೇಳಲಾಯಿತು’ ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ. ನಾನು ಹಾಗಲ್ಲ. ಹೊಳಲೂರಿನ ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಪರೀಕ್ಷೆಯ ಅರ್ಜಿ ತುಂಬಲು ಬಾರದೆ ಆಫೀಸಿನ ಕಿಟಕಿಯ ಮುಂದೆ ಅತ್ತವಳು. ಅಂಥ ಮಕ್ಕಳು ಎರಡು ದಿನ ಕಾಣದಿದ್ದರೆ ಮೂರನೇ ದಿನ ಮನೆಗೆ ಫೋನ್ ಮಾಡುತ್ತಿದ್ದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು.

ನನ್ನ ಪಾಲಿಗೆ ಬಂದವರಲ್ಲಿ ಒಬ್ಬ ಹುಡುಗಿ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ತಂದೆ ಲೇತ್ ವರ್ಕ್‌ಶಾಪಿನಲ್ಲಿ ಕೆಲಸಗಾರ, ತಾಯಿ ಮನೆಯಲ್ಲೇ ಬಟ್ಟೆ ಹೊಲಿಯುವವರು. ಮೊದಲ ಸೆಮಿಸ್ಟರಿನಲ್ಲಿ ಕೆಮಿಸ್ಟ್ರಿ ಕೈಕೊಟ್ಟಿತು. ಫಲಿತಾಂಶ ಬಂದ ವಾರ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಮಿಸ್, ಅಪ್ಪಂಗೆ ಪಾಸು ಅಂತ ಹೇಳಿದೀನಿ. ಒಂದು ಸಬ್ಜೆಕ್ಟ್ ಹೋದ್ರೂ ಓದು ಸಾಕು, ಅತ್ತೆ ಮಗನ ಜೊತೆ ಮದುವೆ ಅಂತ ಮೊದ್ಲೇ ಹೇಳ್ಬಿಟ್ಟಿದಾರೆ. ಅಮ್ಮಂಗೊಬ್ರಿಗೇ ಗೊತ್ತಿರೋದು. ಯಾರಿಗೂ ಹೇಳ್ಬೇಡಿ.”

“ಹೇಳಲ್ಲ. ನಾಳೆಯಿಂದ ಎಂಟೂವರೆಗೆ ಬಾ.”

ಬಂದಳು. ನಾನು ಗೋಪಾಳ ಬಡಾವಣೆಯ ಮನೆಯಲ್ಲಿ ಅರ್ಧಂಬರ್ಧ ತಿಂಡಿ ತಿಂದು ಓಡಿಬರುವಷ್ಟರಲ್ಲಿ ಖಾಲಿ ಕ್ಲಾಸಿನಲ್ಲಿ ಕೂತಿರುತ್ತಿದ್ದಳು. ಉತ್ತರ ಗೊತ್ತಿತ್ತು, ಇಂಗ್ಲಿಷಿನಲ್ಲಿ ವಾಕ್ಯ ಕೂಡಿಸಲು ಬರುತ್ತಿರಲಿಲ್ಲ. ಮೊದಲು ಕನ್ನಡದಲ್ಲಿ ಬರೆಸಿದೆ, ಆಮೇಲೆ ಒಂದೊಂದೇ ಸಾಲು ಇಂಗ್ಲಿಷಿಗೆ ತರಿಸಿದೆ. ಮತ್ತೆ ಪರೀಕ್ಷೆ ಬರೆದು ಪಾಸಾದಾಗ ಅವಳ ತಾಯಿ ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಕಳಿಸಿದರು.

ಆ ಸಂಜೆ ಖುಷಿಯಲ್ಲಿ ಪುಸ್ತಕ ತೆಗೆದು ನಾಲ್ಕು ಸಾಲು ಬರೆದೆ. ಫೇಲಾದದ್ದು, ತಂದೆಗೆ ಗೊತ್ತಿಲ್ಲದ್ದು, ತಾಯಿ ಮುಚ್ಚಿಟ್ಟದ್ದು, ಬೆಳಗಿನ ಪಾಠ, ಪಾಸು. ಬರೆಯಲು ನನಗೆ ಅಳುಕಿರಲಿಲ್ಲ. “ವಿವರವಾಗಿ ಬರಿ, ಕಾಲೇಜಿಗೆ ಗ್ರೇಡ್ ಕೊಡೋ ಕಮಿಟಿಯವರು ಬಂದಾಗ ಪುರಾವೆ ಬೇಕಾಗುತ್ತೆ. ಬೀರುವಿನ ಕೀ ನನ್ನ ಹತ್ರಾನೇ ಇರುತ್ತೆ, ಯಾರೂ ಮುಟ್ಟಲ್ಲ” ಎಂದು ನಮ್ಮ ವಿಭಾಗದ ಮುಖ್ಯಸ್ಥೆ ಹೇಳಿದ್ದರು. ಹತ್ತು ವರ್ಷ ಮಧ್ಯಾಹ್ನದ ಊಟ ಹಂಚಿಕೊಂಡು ತಿಂದವರು ನಾವು. ಅವರನ್ನು ನಂಬದೆ ಇನ್ಯಾರನ್ನು ನಂಬಲಿ?

ಹುಡುಗಿ ಎರಡನೇ ವರ್ಷದಲ್ಲಿದ್ದಾಗ ಕಮಿಟಿ ಬಂತು. ಅದೇ ದಿನ ಪೋಷಕರ ಸಭೆಯನ್ನೂ ಇಟ್ಟಿದ್ದರು. ಮುಖ್ಯಸ್ಥೆ ಮೈಕಿನ ಮುಂದೆ ನಿಂತು ನನ್ನ ಪುಸ್ತಕ ಬಿಡಿಸಿದರು. “ಒಬ್ಬ ವಿದ್ಯಾರ್ಥಿನಿ. ಭದ್ರಾವತಿಯವಳು. ತಂದೆ ಲೇತ್ ಕೆಲಸಗಾರ. ಕೆಮಿಸ್ಟ್ರಿಯಲ್ಲಿ ಫೇಲಾದದ್ದನ್ನು ತಾಯಿ ಮಗಳು ಸೇರಿ ತಂದೆಗೆ ಮುಚ್ಚಿಟ್ಟು...” ನನ್ನದೇ ವಾಕ್ಯಗಳು, ಒಂದಕ್ಷರ ಬಿಡದೆ. ಸಭೆ ಚಪ್ಪಾಳೆ ತಟ್ಟಿತು. ಮೂರನೇ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ ಆ ತಂದೆಯೂ ತಟ್ಟಲು ಕೈ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಹೆಂಡತಿಯ ಕಡೆ ತಿರುಗಿದರು. ಹುಡುಗಿ ಅಪ್ಪನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಸಭೆ ಮುಗಿದ ಕೂಡಲೇ ಮುಖ್ಯಸ್ಥೆಯ ಕೋಣೆಗೆ ನುಗ್ಗಿದೆ. ಅವರು ನಗುತ್ತಿದ್ದರು. “ಹೆಸರು ಹೇಳ್ಲಿಲ್ವಲ್ಲ ಮಾರಾಯ್ತಿ! ಕಮಿಟಿಯವರು ಎಷ್ಟು ಮೆಚ್ಚಿದ್ರು ಗೊತ್ತಾ? ನಿಂದೇ ಕೆಲಸ, ನಿಂಗೇ ಒಳ್ಳೇ ಹೆಸರು.”

“ನಂಗೆ ಮೋಸ ಮಾಡಿದ್ರಿ ಮೇಡಂ” ಎಂದೆ. ಅಂದಿನಿಂದ ಅವರ ಜೊತೆ ಊಟಕ್ಕೆ ಕೂತಿಲ್ಲ. ಆದರೆ ಬೈದು ಬೈದು ಸುಸ್ತಾದ ಮೇಲೆ ಒಂದು ಮಾತು ಒಳಗೇ ಚುಚ್ಚತೊಡಗಿತು. ‘ತಂದೆಗೆ ಗೊತ್ತಿಲ್ಲ’ ಎಂದು ಬರೆಯಲೇಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಅದು ಸೇರಿದರೆ ನನ್ನ ಸಾಧನೆ ದೊಡ್ಡದಾಗಿ ಕಾಣುತ್ತಿತ್ತು, ಅದಕ್ಕೇ ಬರೆದೆ.

ಹುಡುಗಿ ಕಾಲೇಜಿಗೆ ಬರಲಿಲ್ಲ. ಮೂರನೇ ದಿನ ಫೋನ್ ಮಾಡಲು ಧೈರ್ಯವಾಗದೆ ಭದ್ರಾವತಿಗೆ ಹೋದೆ. ತಂದೆ ಬೈಯಲಿಲ್ಲ. ಕುರ್ಚಿ ಕೊಟ್ಟು ಕಾಫಿ ಮಾಡಿಸಿದರು.

“ಫೇಲಾದ್ರೆ ಬಿಡಿಸ್ತೀನಿ ಅಂದಿದ್ದು ಹೆದ್ರಿಸೋಕೆ ಮೇಡಂ, ಓದ್ಲಿ ಅಂತ. ಮನೇಲಿರೋದು ಮೂರೇ ಜನ. ನನ್ ಮಗಳ ವಿಷ್ಯ ನಂಗೆ ಮೈಕಲ್ಲಿ ಗೊತ್ತಾಗ್ಬೇಕಿತ್ತಾ? ಇವ್ಳು ಬರೋದಾದ್ರೆ ಬರ್ಲಿ. ನಾನೇನೂ ಬೇಡ ಅನ್ನಲ್ಲ.”

ನನಗೆ ಜೀವ ಬಂದಂತಾಯಿತು. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. “ಬಾರಮ್ಮ, ಸೋಮವಾರದಿಂದ” ಎಂದೆ.

“ನಾನು ಬರಲ್ಲ ಮಿಸ್. ನಾಳೆ ನಂಗೆ ಮತ್ತೇನಾದ್ರೂ ಆದ್ರೆ ಅಲ್ಲಿ ಯಾರಿಗೆ ಹೇಳ್ಲಿ?”

ಕಾಫಿ ಅರ್ಧ ಬಿಟ್ಟು ಎದ್ದೆ. ಆಮೇಲೆ ಅವಳು ಬಂದದ್ದು ಪರೀಕ್ಷೆಗೆ ಮಾತ್ರ. ರಜೆ ಮುಗಿದ ಮೇಲೆ ನಾನು ಪಾಠದಲ್ಲಿದ್ದ ಹೊತ್ತು ನೋಡಿ ಟಿ.ಸಿ. ತೆಗೆದುಕೊಂಡು ಹೋದಳು. ಓದು ನಿಂತೇಹೋಯಿತು ಎಂದುಕೊಂಡು ನಾಚಿಕೆ ಬಿಟ್ಟು ಅವಳ ತಾಯಿಗೆ ಫೋನ್ ಮಾಡಿದೆ.

“ಇಲ್ಲೇ ಭದ್ರಾವತಿ ಕಾಲೇಜಿಗೆ ಸೇರಿದ್ಲು ಮೇಡಂ, ಓದ್ತಿದಾಳೆ” ಎಂದರು. ನಾನು ಉಸಿರು ಬಿಟ್ಟೆ. ಅಲ್ಲಿ ನನಗೆ ಗೊತ್ತಿರುವ ಅಧ್ಯಾಪಕರೊಬ್ಬರಿದ್ದಾರೆ, ಅವಳ ಬಗ್ಗೆ ಒಂದು ಮಾತು ಹೇಳಿಡುತ್ತೇನೆ ಎಂದೆ.

“ಬೇಡ ಮೇಡಂ. ನಿಮ್ ಕೈ ಮುಗೀತೀನಿ, ಅಲ್ಲಿ ಯಾರಿಗೂ ಏನೂ ಹೇಳ್ಬೇಡಿ.”