ಮಾಕು ಅಕ್ಕನ ಬೆನ್ನು

ನಾನು ಬೋರ್ಡು ಬರೆಯುವವನು. ಕೇಳಿದವರಿಗೆ ಕಲಾವಿದ ಅನ್ನುತ್ತೇನೆ, ಕೇಳದವರಿಗೂ ಅನ್ನುತ್ತೇನೆ. ಹೆಸರು ಲಾರ್ಬಿ. ನಮ್ಮೂರು ಕೊಫೊರಿಡುವಾದ ಬಸ್ ನಿಲ್ದಾಣದ ಹಿಂದೆ ಒಫೊಸುಹೆನೆ ಮೇಷ್ಟ್ರ ‘ದೇವರ ವೇಳೆಯೇ ಸರಿಯಾದ ವೇಳೆ ಆರ್ಟ್ಸ್’ ಎಂಬ ಅಂಗಡಿಯಲ್ಲಿ ವಾರದ ಕೂಲಿಗೆ ಕೆಲಸ. ಏಳು ವರ್ಷದಲ್ಲಿ ಕ್ಷೌರದಂಗಡಿಗಳ ಇನ್ನೂರು ತಲೆ, ಪಾದ್ರಿಗಳ ನಗುಮುಖ, ಕರಿದ ಕೋಳಿ, ಮತ್ತು ಒಬ್ಬ ದಂತವೈದ್ಯರಿಗಾಗಿ ಮೂವತ್ತಾರು ಹಲ್ಲಿನ ಒಂದು ಬಾಯಿ ಬರೆದಿದ್ದೇನೆ. ಹಲ್ಲು ಜಾಸ್ತಿಯಾದದ್ದನ್ನು ಕಂಡುಹಿಡಿದದ್ದು ವೈದ್ಯರಲ್ಲ, ಅವರ ರೋಗಿ.

ನಮ್ಮ ಅಂಗಡಿಯಲ್ಲಿ ‘ಮೈಬಣ್ಣ’ ಅಂತ ಒಂದೇ ಡಬ್ಬ. ಕಂದು ಒಂದು ಪಾಲು, ಬಿಳಿ ಎರಡು ಪಾಲು, ಹಳದಿ ಒಂದು ಚಮಚ. ಗಂಡಾಗಲಿ ಹೆಣ್ಣಾಗಲಿ, ಎಲ್ಲರೂ ಆ ಡಬ್ಬದಿಂದಲೇ ಹುಟ್ಟಬೇಕು. ಶವಸಂಸ್ಕಾರದ ಬೋರ್ಡಿಗೆ ಬಿಳಿ ಇನ್ನಷ್ಟು ಸುರಿಯುತ್ತಿದ್ದೆವು. ಹಾಗಾಗಿ ನಮ್ಮೂರಲ್ಲಿ ಜನ ಬದುಕಿದ್ದಾಗಿನದಕ್ಕಿಂತ ಸತ್ತ ಮೇಲೆ ಬೆಳ್ಳಗಿರುತ್ತಾರೆ. ಯಾರೂ ದೂರು ಹೇಳಿದ್ದಿಲ್ಲ. ಅದು ನಾವು ತೋರಿಸುವ ಮರ್ಯಾದೆ. ನನ್ನ ಮೊಬೈಲಿನ ಫೋಟೋದಲ್ಲೂ ನಾನು ನನಗಿಂತ ಬೆಳ್ಳಗಿರುವ ಯಾರೋ ನೆಂಟನಂತೆ ಕಾಣುತ್ತೇನೆ.

ಒಂದು ಸೋಮವಾರ ಮಾಕು ಅಕ್ಕ ಬಂದರು. ಗುರುವಾರದ ಮಣಿ ಸಂತೆಯಲ್ಲಿ ಮೂವತ್ತು ವರ್ಷದಿಂದ ಸೊಂಟದ ಮಣಿ ಮಾರುವವರು. ಮಣಿಗೆ ಹೆಸರಾದ ಕ್ರೋಬೊ ಜನಾಂಗದ ಹೆಂಗಸು, ನಲವತ್ತೆಂಟು ದಾಟಿದ ವಯಸ್ಸು. ಅಗಲ ಭುಜ, ಅದಕ್ಕಿಂತ ಅಗಲ ಸೊಂಟ. ನಡೆದರೆ ಬಟ್ಟೆಯೊಳಗಿನ ಮಣಿ ಸಣ್ಣಗೆ ಸದ್ದು ಮಾಡುತ್ತಿತ್ತು. ಸಂತೆಗೆ ಹೊಸ ಶೆಡ್ಡು ಕಟ್ಟಿ ಇವರನ್ನು ಬಟ್ಟೆಯವರ ಹಿಂದಿನ ಸಾಲಿಗೆ ತಳ್ಳಿದ್ದರು. ಬೋರ್ಡು ಇಲ್ಲದಿದ್ದರೆ ಗಿರಾಕಿಗಳು ಅಲ್ಲಿಯವರೆಗೆ ಬರುವುದಿಲ್ಲ.

“ಏನು ಬರೀಲಿ ಅಕ್ಕಾ? ಮಣಿಸರ, ಪಕ್ಕದಲ್ಲಿ ಒಂದು ನಗೋ ಹುಡುಗಿ?”

“ಹುಡುಗಿ ಯಾಕೆ? ನನ್ನ ಬೆನ್ನು ಬರಿ. ಕುತ್ತಿಗೆಯಿಂದ ಸೊಂಟದವರೆಗೆ. ಸೊಂಟಕ್ಕೆ ಐದೆಳೆ ಮಣಿ. ಕುತ್ತಿಗೆಯಲ್ಲಿ ಮೂರು ಗೆರೆ ಇದಾವೆ ನೋಡು, ಚೆಲುವಿನ ಗುರುತು, ಅದನ್ನ ಬಿಟ್ಟರೆ ನಿನ್ನ ಕೈ ಮುರೀತೀನಿ. ಗುರುವಾರ ಬೆಳಿಗ್ಗೆ ನೇತುಹಾಕಬೇಕು.”

ಮೇಷ್ಟ್ರು ಬ್ರಷ್ ತೊಳೆಯುವುದನ್ನು ನಿಲ್ಲಿಸಿ ಸೀಮೆಎಣ್ಣೆಯ ಕಡೆ ನೋಡತೊಡಗಿದರು. ನಾನು ಕಲಾವಿದನಲ್ಲವೇ, ಒಪ್ಪಿಕೊಂಡೆ.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಬೆನ್ನು ಸಿದ್ಧ. ಡಬ್ಬದ ಬಣ್ಣಕ್ಕೆ ಗೌರವಪೂರ್ವಕವಾಗಿ ಇನ್ನೊಂದು ಚಮಚ ಬಿಳಿ ಸೇರಿಸಿ, ಸೊಂಟವನ್ನೂ ನಾಲ್ಕು ಬೆರಳು ಒಳಗೆಳೆದಿದ್ದೆ. ಅಕ್ಕ ಬಂದು ನೋಡಿದರು. ತುಂಬ ಹೊತ್ತು ನೋಡಿದರು.

“ಯಾರಿದು?”

“ನೀವೇ ಅಕ್ಕಾ.”

“ನನಗೆ ಇವಳ ಪರಿಚಯ ಇಲ್ಲ. ಪಾಪ, ರಕ್ತ ಕಮ್ಮಿ ಇದೆ ಅನ್ಸುತ್ತೆ, ಆಸ್ಪತ್ರೆಗೆ ಕರ್ಕೊಂಡು ಹೋಗು.”

ನನಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಕರಿಬಣ್ಣದ ಡಬ್ಬವನ್ನೇ ಒಡೆದು, ಏನೂ ಬೆರೆಸದೆ, ಇಡೀ ಬೆನ್ನಿಗೆ ಬಳಿದೆ. ಸಂಜೆ ಅಕ್ಕ ಮತ್ತೆ ಬಂದರು.

“ಇದನ್ನ ಪಂಕ್ಚರ್ ಹಾಕೋನಿಗೆ ಕೊಡು. ಟೈರು ಚೆನ್ನಾಗಿ ಬಂದಿದೆ.”

“ಕಪ್ಪು ಬೇಕು ಅಂದ್ರಲ್ಲ!”

“ನಾನು ಕಪ್ಪು ಬೇಕು ಅಂದೆನಾ? ನಾನು ಬೇಕು ಅಂದೆ. ನೀನು ನನ್ನ ನೋಡೇ ಇಲ್ಲ ಕಣೋ ತಮ್ಮಾ. ನಾಳೆ ಹನ್ನೆರಡಕ್ಕೆ ಮನೆಗೆ ಬಾ. ಬ್ರಷ್ ತಾ. ಆ ಡಬ್ಬ ತಂದರೆ ನಾಯಿ ಬಿಡ್ತೀನಿ.”

ಬುಧವಾರ ಹನ್ನೆರಡಕ್ಕೆ ಅವರ ಅಂಗಳದಲ್ಲಿ ನನಗೂ ಅವರಿಗೂ ನಡುವೆ ಅವರ ಹಿರಿಯಕ್ಕ ದೇದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಕೆಂಕಿ ಮುದ್ದೆ, ಹುರಿದ ಮೀನು. ಕಾವಲು ಅಂತ ಹೇಳಿಕೊಂಡರು. ಮಾಕು ಅಕ್ಕ ಬಟ್ಟೆಯನ್ನು ಸೊಂಟಕ್ಕೆ ಬಿಗಿದು, ನಮಗೆ ಬೆನ್ನು ಮಾಡಿ ಬಿಸಿಲಿಗೆ ಕೂತು, ಶಿಯಾ ಬೆಣ್ಣೆಯನ್ನು ಬೆನ್ನಿಗೆ ತಿಕ್ಕಿಸಿಕೊಂಡರು. ತಿಕ್ಕಿದ್ದು ದೇದೆ ಅಕ್ಕನ ಎಡಗೈ. ಬಲಗೈ ಮೀನು ಬಿಡಲಿಲ್ಲ.

“ಈಗ ನೋಡು” ಅಂದರು ಮಾಕು ಅಕ್ಕ.

ನೋಡಿದೆ. ಮೊದಲು ನಾಚಿಕೆಯಾಯಿತು. ಆಮೇಲೆ ನಾಚಿಕೆ ಮರೆತೇಹೋಯಿತು. ಎಣ್ಣೆಗಪ್ಪು ಬೆನ್ನಿನ ಭುಜದ ಮೇಲೆ ಆಕಾಶದ ನೀಲಿ ಬಿದ್ದಿತ್ತು. ಬೆನ್ನುಮೂಳೆಯ ಹಳ್ಳದಲ್ಲಿ ಮಾಗಿದ ನೇರಳೆಯ ಬಣ್ಣ. ಪಕ್ಕೆಯ ಮಡಿಕೆಗಳಲ್ಲಿ ಇಟ್ಟಿಗೆಯ ಕೆಂಪು. ಸೊಂಟದ ತಿರುವಿನಲ್ಲಿ ಬೆಳಕು ಹೊರಳಿ ಮಣಿಗಳ ಮೇಲೆ ನಿಂತಿತ್ತು. ಇಷ್ಟು ಬಣ್ಣಗಳನ್ನು ಹೊತ್ತುಕೊಂಡ ಜನರ ನಡುವೆ ಹುಟ್ಟಿ, ಬೆಳೆದು, ಕನ್ನಡಿಯಲ್ಲಿ ದಿನಾ ಅದನ್ನೇ ಕಂಡು, ಆರು ವರ್ಷ ಒಂದು ಡಬ್ಬದಲ್ಲಿ ಕೆಲಸ ಮುಗಿಸಿದ್ದೆ.

“ಬಾಯಿ ಮುಚ್ಕೊ, ನೊಣ ಹೋಗುತ್ತೆ” ಅಂದರು ದೇದೆ ಅಕ್ಕ. “ಇವಳ ಗಂಡಾನೂ ಹೀಗೇ. ಮಣಿ ಸದ್ದು ಕೇಳಿದ್ರೆ ಊಟ ಅರ್ಧಕ್ಕೆ ಬಿಟ್ಟು ಏಳ್ತಿದ್ದ. ಎಷ್ಟು ಮೀನು ವೇಸ್ಟ್ ಆಯ್ತು ಆ ಮನೇಲಿ!”

“ನೀನೇ ಅಲ್ವಾ ಬಂದು ತಿಂತಿದ್ದೆ” ಅಂದರು ತಂಗಿ, ತಿರುಗದೆಯೇ.

ಪ್ಲೈವುಡ್ಡಿಗೆ ನಾವು ಮೊದಲು ಬಿಳಿ ಹೊಡೆಯುವುದು ವಾಡಿಕೆ. ಆ ಬಿಳಿಯ ಮೇಲೆ ಕಪ್ಪು ಏನು ಮಾಡಿದರೂ ಬೂದಿಯಾಗುತ್ತಿತ್ತು. ಹೊತ್ತು ತಂದಿದ್ದ ಹಲಗೆಯನ್ನು ಅಲ್ಲೇ ಉಜ್ಜಿ, ಗೇಟುಗಳಿಗೆ ಹೊಡೆಯುವ ಕೆಂಪು ರೆಡಾಕ್ಸೈಡು ಬಳಿದೆ. ಅದು ಒಣಗಿದ ಮೇಲೆ ನೀಲಿ ಬೆರೆಸಿದ ಕಂದುಬಣ್ಣವನ್ನು ತೆಳುವಾಗಿ ಎಳೆದೆ. ಒಳಗಿನ ಕೆಂಪು ಮೇಲೆ ಬಂದು ಉಸಿರಾಡತೊಡಗಿತು. ಹೊಸ ಕೆಲಸಗಾರನ ಹಾಗೆ ಒಂದೊಂದು ಗೆರೆಗೂ ಅಕ್ಕನ ಬೆನ್ನಿನ ಕಡೆ ತಿರುಗಿ ನೋಡಿದೆ.

ಬರೆಯುತ್ತಿದ್ದಾಗ ಅಕ್ಕ ಹೇಳಿಕೊಂಡರು. ಇಪ್ಪತ್ತಮೂರನೇ ವಯಸ್ಸಿನಿಂದ ಮೂವತ್ತನಾಲ್ಕರವರೆಗೆ ಬೆಳ್ಳಗಾಗುವ ಕ್ರೀಮು ಹಚ್ಚಿದರಂತೆ. ಬೆಳ್ಳಗೂ ಆದರು. ಆಮೇಲೆ ಗರ್ಭಕೋಶದ ಗಡ್ಡೆಗೆ ಆಪರೇಷನ್ ಆಯಿತು, ಹಾಕಿದ ಹೊಲಿಗೆ ನಿಲ್ಲಲಿಲ್ಲ.

“ಚರ್ಮ ನೆನೆದ ಕಾಗದ ಆಗಿದೆ, ಸೂಜಿ ಎಲ್ಲಿ ಹಾಕ್ಲಿ ಅಂದ್ರು ಡಾಕ್ಟರು. ನಾಲ್ಕು ತಿಂಗಳು ಮಲಗಿದ್ದೆ. ಎದ್ದವಳು ಕ್ರೀಮಿನ ಡಬ್ಬ ಎಲ್ಲ ಬಚ್ಚಲಿಗೆ ಸುರಿದೆ. ಬಣ್ಣ ವಾಪಸ್ ಬರೋಕೆ ಮೂರು ವರ್ಷ ಹಿಡೀತು ಕಣೋ. ತೇಪೆ ತೇಪೆಯಾಗಿ ಬಂತು. ಸಂತೇಲಿ ನನ್ನ ಜೀಬ್ರಾ ಅನ್ನೋರು. ಒಂದು ಗುರುವಾರಾನೂ ತಪ್ಪಿಸಲಿಲ್ಲ ನಾನು. ಕೂತೆ. ಮಾರಿದೆ. ಕೊನೆಗೆ ಬಂದದ್ದು ಕೆನ್ನೆಯ ಕಪ್ಪು. ಅವತ್ತು ಅಕ್ಕಂಗೆ ಕೋಳಿ ಮಾಡಿ ಹಾಕಿದೆ.”

“ಉಪ್ಪು ಜಾಸ್ತಿ ಆಗಿತ್ತು” ಅಂದರು ದೇದೆ ಅಕ್ಕ.

“ಅಷ್ಟು ಕಷ್ಟಪಟ್ಟು ವಾಪಸ್ ತಂದಿದ್ದನ್ನ ನೀನು ಒಂದು ಚಮಚ ಬಿಳಿ ಹಾಕಿ ಅಳಿಸ್ತೀಯಾ?”

ನಾನು ಕುತ್ತಿಗೆಯ ಮೂರನೇ ಗೆರೆಯನ್ನು ಮೂರು ಸಲ ಬರೆದೆ.

ಗುರುವಾರ ಬೋರ್ಡು ಏರಿತು. ಬಟ್ಟೆಯವರ ಸಾಲಿನ ಆಚೆಯಿಂದಲೇ ಕಾಣುತ್ತಿತ್ತು. ಜನ ನಿಂತರು. ಒಬ್ಬ ಕೈಗಾಡಿಯವನು ಬೋರ್ಡನ್ನೇ ನೋಡುತ್ತಾ ಟೊಮೆಟೊ ಬುಟ್ಟಿಗೆ ಗಾಡಿ ಗುದ್ದಿ ಬೈಸಿಕೊಂಡ. ಮಧ್ಯಾಹ್ನದೊಳಗೆ ಸಂತೆ ಸಂಘದ ಅಧ್ಯಕ್ಷೆ ಒಫೆಯಿಬಿಯಾ ಮೇಡಂ ನಮ್ಮ ಅಂಗಡಿಗೇ ಬಂದರು. ಸಂತೆಯ ಬೋರ್ಡುಗಳೆಲ್ಲ ಅವರ ಕೈಯಿಂದಲೇ ನಮಗೆ ಬರುವುದು. ಮೇಷ್ಟ್ರು ಕುರ್ಚಿ ಒರೆಸಿ ಕೊಟ್ಟರು.

“ಸೊಂಟದ ಮಣಿ ಮುಚ್ಚಿಡೋ ವಸ್ತು. ಇವಳು ಬೀದೀಲಿ ನೇತುಹಾಕಿದಾಳೆ. ಇವತ್ತೇ ಒಂದು ರವಿಕೆ ಬರೀರಿ, ಬಿಳೀದು. ಇಲ್ಲಾಂದ್ರೆ ಬೋರ್ಡು ಇಳಿಸ್ತೀನಿ.”

ಮೇಷ್ಟ್ರು ಬಿಳಿ ಡಬ್ಬವನ್ನು ನನ್ನ ಕೈಗಿಟ್ಟರು. “ಹೋಗಪ್ಪ ಕಲಾವಿದ.”

ನಾನು ಹೋದೆ. ಧೈರ್ಯವಂತ ಆಗಿದ್ದರೆ ಅಲ್ಲೇ ಬೇಡ ಅನ್ನುತ್ತಿದ್ದೆ. ಏಣಿ ಹೊತ್ತುಕೊಂಡು ಮೇಡಂ ಹಿಂದೆ ನಡೆದೆ. ಸಂತೆ ಸಾಲುಗಟ್ಟಿ ನಮ್ಮನ್ನು ನೋಡಿತು. ಮಾಕು ಅಕ್ಕ ಡಬ್ಬ ನೋಡಿದರು, ಎದ್ದು ನಿಂತರು, ಬೋರ್ಡಿನ ಕೆಳಗೆ ಬಂದು ನನಗೆ ಬೆನ್ನು ಮಾಡಿ ಭುಜದ ಬಟ್ಟೆ ಸರಿಸಿದರು.

“ಮೊದಲು ಇಲ್ಲಿ ಬಳಿ. ಈ ಬೆನ್ನು ಓಡಾಡ್ತಿರುತ್ತೆ, ಜಾಸ್ತಿ ಜನ ನೋಡ್ತಾರೆ.”

ನಗು ಎದ್ದಿತು. ಮೇಡಂ ಮುಖ ಬಿಗಿಯಾಯಿತು. “ಮಾಕು, ಮರ್ಯಾದೆ ಬೇಡ್ವಾ?”

“ಮೇಡಂ, ಅಲ್ಲಿ ಕ್ರೀಮಿನ ಅಂಗಡಿ ಬ್ಯಾನರಲ್ಲಿ ಟವೆಲ್ ಸುತ್ತಿದ ಹುಡುಗಿ ಎರಡು ವರ್ಷದಿಂದ ತೊಡೆ ತೋರಿಸ್ತಿದಾಳೆ. ಅವಳಿಗೆ ಯಾರು ರವಿಕೆ ಹೊಲಿಸಿದ್ರಿ?”

“ಅದು ಜಾಹೀರಾತು!”

“ಇದೂ ಜಾಹೀರಾತೇ. ಅವಳು ಬೆಳ್ಳಗಿದಾಳೆ, ಅಷ್ಟೇ ವ್ಯತ್ಯಾಸ.”

ಮಣಿ ಸಾಲಿನ ಹಿರಿಯ ಮುದುಕಿಯೊಬ್ಬಳು ಕೂತಲ್ಲಿಂದಲೇ ಕೂಗಿದಳು: “ದೊಡ್ಡೋರಾದಾಗ ಮಾಡೋ ದಿಪೋ ಹಬ್ಬದ ದಿನ ನಾವೆಲ್ಲ ಮಣಿ ಹಾಕ್ಕೊಂಡು ಎದೆ ತೆರೆದು ಊರೆಲ್ಲ ಮೆರವಣಿಗೆ ಹೋಗಿದೀವಿ ಮೇಡಂ. ಊರು ಮುಳುಗಲಿಲ್ಲ, ಗಂಡುಗಳು ಸಾಲುಗಟ್ಟಿ ಬಂದ್ರು!”

ಎಲ್ಲರೂ ಏಣಿಯ ಪಕ್ಕ ನಿಂತಿದ್ದ ನನ್ನ ಕಡೆ ತಿರುಗಿದರು. ಡಬ್ಬದ ಮುಚ್ಚಳ ತೆಗೆದಾಗಿತ್ತು. ಮುಚ್ಚಿದೆ.

“ಬಣ್ಣ ಗಟ್ಟಿಯಾಗಿದೆ ಮೇಡಂ, ಬರಲ್ಲ” ಅಂದೆ. ಬಣ್ಣ ಹಾಲಿನಷ್ಟು ತೆಳ್ಳಗಿತ್ತು. ನನ್ನ ಜೀವನದ ಅತಿ ದೊಡ್ಡ ವೀರಕಾರ್ಯ ಒಂದು ಸುಳ್ಳು, ಅದೂ ಯಾರೂ ನಂಬದ ಸುಳ್ಳು. ಮೇಡಂ ನನ್ನನ್ನು, ಬೋರ್ಡನ್ನು, ಕೊನೆಗೆ ಮಾಕು ಅಕ್ಕನ ಬರಿ ಬೆನ್ನನ್ನು ನೋಡಿದರು. ಸಂಘದಲ್ಲಿ ತೀರ್ಮಾನ ಆಗಲಿ ಅಂದು ಹೊರಟರು. ಮುಂದಿನ ವಾರ ಸಂಘ ಕೈ ಎತ್ತಿಸಿತು: ಬೋರ್ಡು ಇರಲಿ ಎಂದು ಏಳು, ಬೇಡ ಎಂದು ನಾಲ್ಕು. ಮೇಷ್ಟ್ರು ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ. ಸಂತೆಯ ಬೋರ್ಡುಗಳು ಬೇರೆ ಅಂಗಡಿಗೆ ಹೋದವು. ಅದನ್ನು ಮುಚ್ಚಿಡುವುದಿಲ್ಲ.

ಇದೆಲ್ಲ ಹೋದ ವರ್ಷದ ಮಾತು. ಹೋದ ತಿಂಗಳು ಅಕ್ಕನಿಂದ ಕರೆ ಬಂತು. ಏನೋ ಎಂದು ಓಡಿದೆ. ಅಕ್ಕ ಮಡಿಲಲ್ಲಿ ಚೆಲ್ಲಿದ ಮಣಿಗಳನ್ನು ಹೊಸ ದಾರಕ್ಕೆ ಪೋಣಿಸುತ್ತಿದ್ದರು.

“ದಾರ ಕಿತ್ತು ಹೋಯ್ತು. ಸೊಂಟ ಎರಡು ಬೆರಳು ಹೆಚ್ಚಾಗಿದೆ. ಏಣಿ ಹತ್ತು, ಬೋರ್ಡಲ್ಲೂ ಎರಡು ಬೆರಳು ಹೆಚ್ಚು ಮಾಡು.”

“ಯಾರಿಗೆ ಗೊತ್ತಾಗುತ್ತೆ ಅಕ್ಕಾ?”

“ನನಗೆ ಗೊತ್ತು. ಹತ್ತು.”

ಹತ್ತಿದೆ. ಕೆಳಗೆ ದೇದೆ ಅಕ್ಕ ಏಣಿ ಹಿಡಿದು, ಎಡಕ್ಕೆ ಇನ್ನೂ ಸ್ವಲ್ಪ, ಜಿಪುಣತನ ಮಾಡಬೇಡ ಎಂದು ಕೂಗುತ್ತಿದ್ದರು. ಮೊದಲು ಕೆಂಪು ಹೊಡೆದು, ಅದು ಒಣಗುವವರೆಗೆ ಕಾದೆ.