ಬಜಗೋಳಿಯ ಟರ್ಬೊ ಧನಿ
ಗ್ಯಾರೇಜಿನೆದುರು ತಮ್ಮ ಲಾರಿಯ ಎಂಜಿನ್ನಿಗೆ ಕಿವಿಯಿಟ್ಟು, "ಕೇಳಿ ಮಾರಾಯ್ರೆ, ಹೊಸ ಟರ್ಬೊ! ವಿಮಾನದ ಶಬ್ದವೇ ಅಲ್ವಾ?" ಎಂದು ದಾರಿಹೋಕರನ್ನು ನಿಲ್ಲಿಸುವವರು ನಮ್ಮ ಭುಜಂಗಣ್ಣ. ಎಂಜಿನ್ನಿಗೆ ಗಾಳಿ ಒತ್ತಿ ಬಲ ಹೆಚ್ಚಿಸುವ ಆ ಟರ್ಬೊದಿಂದ, ಲೋಡು ಹೊತ್ತು ಕುದುರೆಮುಖದ ಘಾಟಿ ಹತ್ತುವಾಗ ಕಾರುಗಳನ್ನೂ ಹಿಂದಿಕ್ಕಬೇಕೆಂಬುದು ಅವರ ಜೀವನದ ಗುರಿ. ಮಗಳ ಮದುವೆಗೆ ಕರೆಯಲು ಹೋದ ಮನೆಯಲ್ಲೂ ಟರ್ಬೊ ಪುರಾಣ ಮುಗಿಸಿ, ಮುಹೂರ್ತ ಹೇಳಲು ಮರೆತು ಬಂದವರು. ಎಕ್ಸಾಸ್ಟ್ ಬ್ರೇಕ್ ಎಂದರೆ ಮಾತ್ರ ಅವರಿಗೆ ಕಿವಿ ಕೇಳಿಸುವುದಿಲ್ಲ. ಇಳಿಜಾರಿನಲ್ಲಿ ಹೊಗೆಕೊಳವೆಗೆ ಅಡ್ಡ ಕಟ್ಟಿ, ಎಂಜಿನ್ನಿನಿಂದಲೇ ಲಾರಿಯ ಓಟ ತಡೆಯುವ ಆ ಬ್ರೇಕು ಕೆಟ್ಟು ಎಷ್ಟೋ ಕಾಲವಾಯಿತು. "ಧನಿಗಳೇ, ಇಳಿಯುವಾಗ ಕಾಲಿನ ಬ್ರೇಕು ಬಿಸಿಯಾಗಿ ಹಿಡಿಯುವುದೇ ಇಲ್ಲ. ಅದನ್ನೊಮ್ಮೆ ಹಾಕಿಸಿ" ಎಂದು ಡ್ರೈವರ್ ಕಿಟ್ಟ ಅಂಗಲಾಚಿದರೆ, "ಇಳಿಯಲಿಕ್ಕೆ ಎಂತ ಉಂಟು ಮಾರಾಯ? ಕಲ್ಲು ಕೂಡ ತಾನಾಗಿ ಇಳಿಯುತ್ತದೆ!" ಎಂದು ನಗುತ್ತಾರೆ. ನಾವೂ ನಗುತ್ತೇವೆ, ನಾಚಿಕೆಯಾಗಬೇಕು ನಮಗೆ. ಹೊಸ ಟರ್ಬೊದ ಹುರುಪಿನಲ್ಲಿ ಮೊನ್ನೆ ಅವರೂ ಕಿಟ್ಟನ ಪಕ್ಕ ಕುಳಿತು, ತೊಡೆ ತಟ್ಟುತ್ತಾ ಘಾಟಿ ಹತ್ತಿದರಂತೆ. ಕಳಸದಲ್ಲಿ ಕಾಫಿ ಮೂಟೆ ತುಂಬಿಸಿ ಹಿಂದಿರುಗುವ ಹೊತ್ತಿಗೆ, ಬಸ್ಸಿಗೆ ಕಾಯುತ್ತಿದ್ದ ನನ್ನೆದುರೇ, "ನೀನು ಹೋಗು ಕಿಟ್ಟ, ನನಗೆ ಸೊಂಟ ನೋವುಂಟು, ಬಸ್ಸಿನಲ್ಲಿ ಬರ್ತೇನೆ" ಎಂದರು. ಕಿಟ್ಟ ಲಾರಿ ಹತ್ತಿ ಹೊರಟ. ಬಸ್ಸಿನಲ್ಲಿ ಧನಿಗಳು ಟರ್ಬೊದ ಹೆಸರೆತ್ತಲಿಲ್ಲ. ಪ್ರತಿ ತಿರುವಿನಲ್ಲೂ ಸೀಟಿನಿಂದ ಅರ್ಧ ಎದ್ದು, ಕಿಟಕಿಯ ಸರಳು ಹಿಡಿದು, ಕೆಳಗಿನ ಕಣಿವೆಯಲ್ಲಿ ತಮ್ಮ ಲಾರಿ ಬಿದ್ದಿದೆಯೇ ಎಂದು ಇಣುಕುತ್ತಿದ್ದರು.